ಅಹಮದಾಬಾದ್‌ನ ನಗರಪಿತೃ ವಲ್ಲಭಭಾಯಿ: ಸರ್ದಾರ್ ಆಗುವ ಮುನ್ನ ಕಳೆದ ಹನ್ನೊಂದು ವರ್ಷಗಳು

ಸರ್ದಾರ್ ವಲ್ಲಭಭಾಯಿ ಪಟೇಲರ ಹೆಸರು ಕೇಳಿದೊಡನೆ ಜನರ ಮನಸ್ಸಿಗೆ ಬರುವುದು 560ಕ್ಕೂ ಹೆಚ್ಚು ದೇಶೀಯ ಸಂಸ್ಥಾನಗಳ ವಿಲೀನ. ನರ್ಮದಾ ತೀರದಲ್ಲಿ 2018ರಲ್ಲಿ ಅನಾವರಣಗೊಂಡ 182 ಮೀಟರ್ ಎತ್ತರದ ಪ್ರತಿಮೆಯೂ ಅದೇ ಸಾಧನೆಯ ಸ್ಮಾರಕ. ಆದರೆ ದೇಶದ ಗೃಹ ಖಾತೆಯನ್ನು ವಹಿಸಿಕೊಳ್ಳುವುದಕ್ಕೆ ಮೂರು ದಶಕಗಳ ಹಿಂದೆಯೇ ಅವರು ಆಡಳಿತದ ಪಾಠ ಕಲಿತದ್ದು ಚರಂಡಿ, ನಲ್ಲಿ ನೀರು, ಪ್ಲೇಗು ಹಾಗೂ ಮನೆ ಕಂದಾಯದ ಕಡತಗಳ ನಡುವೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1917ರಿಂದ 1928ರವರೆಗೆ ಅಹಮದಾಬಾದ್ ನಗರಸಭೆಯೊಡನೆ ಅವರಿಗಿದ್ದ ನಂಟು ಆ ನಗರದ ಚಹರೆಯನ್ನು ಬದಲಿಸಿತು. ಅದಕ್ಕಿಂತ ಹೆಚ್ಚಾಗಿ, ಹೋರಾಟಗಾರನೊಬ್ಬ ಆಡಳಿತಗಾರನಾಗಿ ರೂಪುಗೊಳ್ಳಲು ಕಾರಣವಾಯಿತು.

ಅಂದಿನ ಅಹಮದಾಬಾದ್‌ಗೆ ಮಹಾಪೌರರ ಹುದ್ದೆ ಇರಲಿಲ್ಲ. ಅದು ಮಹಾನಗರ ಪಾಲಿಕೆಯಾದದ್ದು 1950ರಲ್ಲಿ. ಅದಕ್ಕೂ ಮೊದಲು ನಗರದ ಪ್ರಥಮ ಪ್ರಜೆಯ ಸ್ಥಾನದಲ್ಲಿದ್ದವರು ನಗರಸಭೆಯ ಅಧ್ಯಕ್ಷರು. ಆ ಪೀಠದಲ್ಲಿ ವಲ್ಲಭಭಾಯಿ 1924ರಿಂದ 1928ರವರೆಗೆ ಕುಳಿತಿದ್ದರು.

ಕರಮಸದದಿಂದ ಬ್ಯಾರಿಸ್ಟರಿಕೆಯವರೆಗೆ

ಖೇಡಾ ಜಿಲ್ಲೆಯ ಕರಮಸದ ಗ್ರಾಮದ ರೈತ ಜವೇರ್‌ಭಾಯಿ ಹಾಗೂ ಲಾಡ್‌ಬಾ ದಂಪತಿಯ ಪುತ್ರ ವಲ್ಲಭಭಾಯಿ 1875ರ ಅಕ್ಟೋಬರ್ 31ರಂದು ನಡಿಯಾದ್‌ನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಮುಗಿಸುವ ಹೊತ್ತಿಗೆ ಅವರಿಗೆ 22 ವರ್ಷ. ಕಾಲೇಜಿಗೆ ಹೋಗುವ ಅನುಕೂಲವಿರಲಿಲ್ಲ. ಸ್ನೇಹಿತರಿಂದ ಪುಸ್ತಕಗಳನ್ನು ಎರವಲು ತಂದು ಓದಿ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಅವರು ಮೊದಲು ಗೋಧ್ರಾದಲ್ಲಿ, ಅನಂತರ ಬೋರ್ಸದ್‌ನಲ್ಲಿ ವಕೀಲಿ ವೃತ್ತಿ ನಡೆಸಿದರು. ಕ್ರಿಮಿನಲ್ ಮೊಕದ್ದಮೆಗಳ ಪಾಟೀ ಸವಾಲಿನಲ್ಲಿ ಅವರಿಗೆ ಬೇಗನೆ ಹೆಸರು ಬಂದಿತು.

ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಬೇಕೆಂದು ಹಣ ಕೂಡಿಟ್ಟು ಪ್ರಯಾಣದ ಏರ್ಪಾಡು ಮಾಡಿಕೊಂಡಿದ್ದರು. ಆದರೆ ಆ ಕಾಗದಪತ್ರ ಬಂದದ್ದು ಅಣ್ಣ ವಿಠ್ಠಲಭಾಯಿಯವರ ಕೈಗೆ. ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದೇ ಆಗಿದ್ದವು. ತಾನೇ ಮೊದಲು ಹೋಗುವುದಾಗಿ ಅಣ್ಣ ಕೇಳಿದಾಗ ತಮ್ಮ ಹಿಂದೆ ಸರಿದರು. ಪತ್ನಿ ಜವೇರ್‌ಬಾ 1909ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂದದ್ದು ವಲ್ಲಭಭಾಯಿ ನ್ಯಾಯಾಲಯದಲ್ಲಿ ಸಾಕ್ಷಿಯೊಬ್ಬನನ್ನು ಪಾಟೀ ಸವಾಲಿಗೆ ಒಳಪಡಿಸಿದ್ದ ಹೊತ್ತಿನಲ್ಲಿ. ತಂತಿಯನ್ನು ಓದಿ ಜೇಬಿಗಿಟ್ಟುಕೊಂಡು ಕಕ್ಷಿದಾರನ ಕೆಲಸ ಮುಗಿಸಿದ ಬಳಿಕವೇ ಅವರು ವಿಷಯ ತಿಳಿಸಿದರು. ಮಗಳು ಮಣಿಬೆನ್ ಹಾಗೂ ಮಗ ಡಾಹ್ಯಾಭಾಯಿ ಆಗ ಎಳೆಯ ಮಕ್ಕಳು. ವಲ್ಲಭಭಾಯಿ ಮರುಮದುವೆಯಾಗಲಿಲ್ಲ.

1910ರಲ್ಲಿ ಲಂಡನ್ನಿಗೆ ತೆರಳಿ ಮಿಡ್ಲ್ ಟೆಂಪಲ್ ಸೇರಿದ ಅವರು, 36 ತಿಂಗಳ ವ್ಯಾಸಂಗವನ್ನು 30 ತಿಂಗಳಲ್ಲಿ ಪೂರೈಸಿ 1913ರಲ್ಲಿ ಸ್ವದೇಶಕ್ಕೆ ಮರಳಿದರು. ವೃತ್ತಿಗೆ ಆಯ್ದುಕೊಂಡದ್ದು ಅಹಮದಾಬಾದ್ ನಗರವನ್ನು. ಅಣ್ಣ ಸಾರ್ವಜನಿಕ ಸೇವೆಯಲ್ಲಿ ತೊಡಗುವುದು, ತಮ್ಮ ಎರಡೂ ಸಂಸಾರಗಳಿಗಾಗಿ ದುಡಿಯುವುದು ಎಂದು ಸಹೋದರರ ನಡುವೆ ಒಪ್ಪಂದವಾಗಿತ್ತು. ಹಗಲು ನ್ಯಾಯಾಲಯ, ಸಂಜೆ ಗುಜರಾತ್ ಕ್ಲಬ್ಬಿನಲ್ಲಿ ಇಸ್ಪೀಟಿನ ಬ್ರಿಜ್ ಆಟ. ದಕ್ಷಿಣ ಆಫ್ರಿಕಾದಿಂದ ಬಂದು ನಗರದಲ್ಲಿ ಆಶ್ರಮ ಹೂಡಿದ್ದ ಗಾಂಧೀಜಿಯವರ ಬಗ್ಗೆ ಕ್ಲಬ್ಬಿನ ಗೆಳೆಯರೊಡನೆ ಅವರೂ ಗೇಲಿ ಮಾಡುತ್ತಿದ್ದರು. ರಾಜಕೀಯದಿಂದ ದೂರವಿದ್ದ ಈ ವಕೀಲರನ್ನು ಸಾರ್ವಜನಿಕ ಜೀವನಕ್ಕೆ ಮೊದಲು ಎಳೆದು ತಂದದ್ದು ನಗರಸಭೆ.

ಗಿರಣಿಗಳ ನಗರ, ಆಯುಕ್ತರ ಆಳ್ವಿಕೆ

ಸಾಬರಮತಿಯ ದಡದ ಅಹಮದಾಬಾದ್‌ನಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾದದ್ದು 1861ರಲ್ಲಿ. ಅದನ್ನು ಸ್ಥಾಪಿಸಿದ ರಣಛೋಡಲಾಲ್ ಛೋಟಾಲಾಲ್ ಅವರೇ ಮುಂದೆ ನಗರಸಭೆಯ ಅಧ್ಯಕ್ಷರಾಗಿ, ಸಂಪ್ರದಾಯಸ್ಥರ ವಿರೋಧದ ನಡುವೆಯೂ ಕೊಳವೆ ನೀರು ಹಾಗೂ ಒಳಚರಂಡಿಗೆ ನಾಂದಿ ಹಾಡಿದ್ದರು. ಅವರ ಬಳಿಕ ಆ ವೇಗ ಕುಂದಿತು. ಗಿರಣಿಗಳು ಹೆಚ್ಚಿದಂತೆ ಕೋಟೆಯೊಳಗಿನ ಇಕ್ಕಟ್ಟಾದ ಪೋಳ್‌ಗಳಲ್ಲಿ, ಅಂದರೆ ಒಂದೇ ಹೆಬ್ಬಾಗಿಲಿನ ಓಣಿಗಳಲ್ಲಿ, ಜನಸಂದಣಿ ಬೆಳೆಯಿತು. 1921ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ 2.7 ಲಕ್ಷ ದಾಟಿತ್ತು.

ನಗರದ ಆಡಳಿತ ಸರಿಯಿಲ್ಲವೆಂಬ ಕಾರಣಕ್ಕೆ ಮುಂಬಯಿ ಸರ್ಕಾರ 1910ರಲ್ಲಿ ನಗರಸಭೆಯನ್ನು ಸೂಪರ್‌ಸೀಡ್ ಮಾಡಿತು. 1915ರಲ್ಲಿ ಚುನಾಯಿತ ಮಂಡಳಿ ಮರಳಿತಾದರೂ ಅದರ ಮೇಲೆ ಐಸಿಎಸ್ ಅಧಿಕಾರಿಯೊಬ್ಬರನ್ನು ಆಯುಕ್ತರನ್ನಾಗಿ ಕೂರಿಸಲಾಯಿತು. ಸದಸ್ಯರು ಚರ್ಚಿಸಬಹುದಿತ್ತು, ಆದರೆ ಕಾರ್ಯಾಂಗದ ಅಧಿಕಾರವೆಲ್ಲ ಆಯುಕ್ತರ ಕೈಯಲ್ಲಿತ್ತು. ಆಯುಕ್ತರಾಗಿದ್ದ ಶಿಲಿಡಿ ಅವರ ದರ್ಪ ನಗರದ ಪ್ರಮುಖರಿಗೆ ನುಂಗಲಾರದ ತುತ್ತಾಗಿತ್ತು. ಅವರನ್ನು ಕಾನೂನಿನ ಭಾಷೆಯಲ್ಲೇ ಎದುರಿಸಬಲ್ಲ ಸದಸ್ಯರೊಬ್ಬರು ಬೇಕೆಂದು ಮಿತ್ರರು ವಲ್ಲಭಭಾಯಿಯವರನ್ನು ಒತ್ತಾಯಿಸಿದರು. 1917ರಲ್ಲಿ ದರಿಯಾಪುರ ವಾರ್ಡಿನಿಂದ ಅವರು ನಗರಸಭೆ ಪ್ರವೇಶಿಸಿದರು. ಆಗ ಅವರಿಗೆ 41 ವರ್ಷ.

ಹೊಸ ಸದಸ್ಯರು ಭಾಷಣಕ್ಕೆ ನಿಲ್ಲಲಿಲ್ಲ, ಕಡತಗಳನ್ನು ತರಿಸಿ ಓದಿದರು. ಕೆರೆಯೊಂದರ ಒಡೆತನದ ವಿವಾದದಲ್ಲಿ ಆಯುಕ್ತರು ನಡೆದುಕೊಂಡ ರೀತಿಯನ್ನು ದಾಖಲೆಗಳ ಸಮೇತ ಸಭೆಯ ಮುಂದಿಟ್ಟು ನಿರ್ಣಯ ಮಂಡಿಸಿದರು. ಸರ್ಕಾರ ಶಿಲಿಡಿ ಅವರನ್ನು ಅಹಮದಾಬಾದ್‌ನಿಂದ ವರ್ಗಾಯಿಸಬೇಕಾಯಿತು. ಚುನಾಯಿತ ಸದಸ್ಯನೊಬ್ಬ ಐಸಿಎಸ್ ಅಧಿಕಾರಿಯನ್ನು ಕಾನೂನಿನ ಚೌಕಟ್ಟಿನೊಳಗೇ ಮಣಿಸಿದ್ದು ಅಂದಿನ ದಿನಗಳಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಪ್ಲೇಗಿನ ದಿನಗಳು

ಅದೇ ವರ್ಷ ನಗರಕ್ಕೆ ಪ್ಲೇಗು ಎರಗಿತು. ಶಾಲೆ, ನ್ಯಾಯಾಲಯಗಳು ಮುಚ್ಚಿದವು. ಅನುಕೂಲವಿದ್ದವರು ಊರು ಬಿಟ್ಟರು. ಕಾರ್ಮಿಕರು ಹಳ್ಳಿಗಳಿಗೆ ಹೋಗದಂತೆ ತಡೆಯಲು ಗಿರಣಿ ಮಾಲೀಕರು ಪ್ಲೇಗ್ ಬೋನಸ್ ಕೊಡತೊಡಗಿದರು. ಈ ಬೋನಸನ್ನು ಹಿಂತೆಗೆದುಕೊಂಡದ್ದೇ 1918ರ ಪ್ರಸಿದ್ಧ ಗಿರಣಿ ಮುಷ್ಕರಕ್ಕೆ ಕಾರಣವಾಯಿತು.

ಆಗ ನಗರಸಭೆಯ ನೈರ್ಮಲ್ಯ ಸಮಿತಿಯ ಅಧ್ಯಕ್ಷರಾಗಿದ್ದವರು ವಲ್ಲಭಭಾಯಿ. ಅವರು ನಗರ ಬಿಟ್ಟು ಕದಲಲಿಲ್ಲ. ಓಣಿ ಓಣಿಗಳಲ್ಲಿ ನಡೆದು ಚರಂಡಿಗಳ ಶುಚಿತ್ವವನ್ನೂ ಔಷಧಿ ಸಿಂಪಡಣೆಯನ್ನೂ ಸ್ವತಃ ಪರಿಶೀಲಿಸಿದರು. ಸಮಿತಿಯ ಅಧ್ಯಕ್ಷರೇ ಊರಿನಲ್ಲಿಲ್ಲದಿದ್ದರೆ ಜಾಡಮಾಲಿಗಳನ್ನು ಕೆಲಸಕ್ಕೆ ಬರುವಂತೆ ಕೇಳುವ ನೈತಿಕ ಹಕ್ಕು ನಗರಸಭೆಗೆ ಉಳಿಯುತ್ತಿರಲಿಲ್ಲ. ಈ ಅಲೆದಾಟದ ಕೊನೆಗೆ ಅವರ ಆರೋಗ್ಯವೂ ಕೆಟ್ಟಿತು. ನಡಿಯಾದ್ ಸಮೀಪದ ಪಾಳುಬಿದ್ದ ದೇಗುಲವೊಂದರಲ್ಲಿ ಒಬ್ಬಂಟಿಯಾಗಿದ್ದು ಅವರು ಚೇತರಿಸಿಕೊಂಡರು.

ಖೇಡಾ ಜಿಲ್ಲೆಯಲ್ಲಿ ಬೆಳೆ ನಾಶವಾಗಿ ಕಂದಾಯ ನಿರಾಕರಣೆಯ ಸತ್ಯಾಗ್ರಹ ಆರಂಭವಾದದ್ದು 1918ರ ಮಾರ್ಚ್‌ನಲ್ಲಿ. ಪೂರ್ಣಾವಧಿ ದುಡಿಯಬಲ್ಲ ಸಹಾಯಕರೊಬ್ಬರನ್ನು ಗಾಂಧೀಜಿ ಹುಡುಕುತ್ತಿದ್ದಾಗ ಮುಂದೆ ಬಂದವರು, ಒಂದೊಮ್ಮೆ ಕ್ಲಬ್ಬಿನಲ್ಲಿ ಗೇಲಿ ಮಾಡುತ್ತಿದ್ದ ಇದೇ ವಕೀಲರು. ಅಲ್ಲಿಂದಾಚೆಗೆ ಅವರ ಬದುಕು ಎರಡು ಕಡೆ ಹಂಚಿಹೋಯಿತು. ಹಳ್ಳಿಗಳಲ್ಲಿ ಸರ್ಕಾರಕ್ಕೆ ಕಂದಾಯ ಕೊಡಬೇಡಿರೆಂದು ರೈತರನ್ನು ಸಂಘಟಿಸುವುದು, ನಗರದಲ್ಲಿ ಮನೆ ತೆರಿಗೆ ಸರಿಯಾಗಿ ವಸೂಲಾಗುವಂತೆ ನೋಡಿಕೊಳ್ಳುವುದು. ಮೇಲ್ನೋಟಕ್ಕೆ ವಿರೋಧಾಭಾಸವೆನಿಸಿದರೂ ವಲ್ಲಭಭಾಯಿಯವರ ದೃಷ್ಟಿಯಲ್ಲಿ ಇವೆರಡೂ ಒಂದೇ ತತ್ತ್ವದ ಎರಡು ಮುಖಗಳಾಗಿದ್ದವು. ಕೊಡುವವನಿಗೆ ಲೆಕ್ಕ ಕೇಳುವ ಹಕ್ಕಿರುವ ತೆರಿಗೆ ನ್ಯಾಯವಾದದ್ದು, ಆ ಹಕ್ಕಿಲ್ಲದ ತೆರಿಗೆ ಅನ್ಯಾಯದ್ದು ಎಂಬುದು ಅವರ ನಡವಳಿಕೆಯಿಂದ ಹೊರಡುವ ಅರ್ಥ.

ಶಾಲೆಗಳ ಪ್ರಶ್ನೆ, ನಗರಸಭೆಗೆ ಬೀಗ

ಅಸಹಕಾರ ಚಳವಳಿ ಕಾವೇರಿದಾಗ ಈ ತತ್ತ್ವ ಕಠಿಣ ಪರೀಕ್ಷೆಗೆ ಒಳಗಾಯಿತು. ನಗರಸಭೆಯ ಪ್ರಾಥಮಿಕ ಶಾಲೆಗಳಿಗೆ ಸರ್ಕಾರದ ಅನುದಾನ ಬರುತ್ತಿತ್ತು. ಅನುದಾನದ ಜತೆಗೆ ಸರ್ಕಾರಿ ಇನ್‌ಸ್ಪೆಕ್ಟರುಗಳ ತಪಾಸಣೆಯೂ ಬರುತ್ತಿತ್ತು. 1921ರಲ್ಲಿ ವಲ್ಲಭಭಾಯಿಯವರ ನೇತೃತ್ವದ ಬಹುಮತವು ಎರಡನ್ನೂ ಬೇಡವೆಂದು ತೀರ್ಮಾನಿಸಿತು. ಶಾಲೆಗಳ ಖರ್ಚನ್ನು ನಗರವೇ ಭರಿಸುವುದಾದರೆ ಅವುಗಳ ಮೇಲಿನ ಅಧಿಕಾರವೂ ನಗರದ್ದೇ ಎಂಬುದು ಆ ನಿಲುವಿನ ಸಾರ. ಸೂರತ್ ಮತ್ತು ನಡಿಯಾದ್ ನಗರಸಭೆಗಳೂ ಅದೇ ಹಾದಿ ಹಿಡಿದವು.

ಉತ್ತರ ವಿಭಾಗದ ಕಮಿಷನರ್ ಪ್ರ್ಯಾಟ್ ಹಾಗೂ ನಗರಸಭೆಯ ನಡುವೆ ತಿಂಗಳುಗಟ್ಟಲೆ ಪತ್ರಸಮರ ನಡೆಯಿತು. ಕಾನೂನಿನ ಪ್ರಕಾರ ಶಾಲೆಗಳನ್ನು ತಪಾಸಣೆಗೆ ತೆರೆದಿಡುವುದು ನಗರಸಭೆಯ ಕರ್ತವ್ಯ ಎಂದು ಸರ್ಕಾರ ವಾದಿಸಿತು. ಅನುದಾನವನ್ನೇ ಪಡೆಯದ ಶಾಲೆಗಳಲ್ಲಿ ತಪಾಸಣೆಯ ಪ್ರಶ್ನೆಯೇ ಇಲ್ಲವೆಂದು ಬ್ಯಾರಿಸ್ಟರ್ ಸದಸ್ಯರು ಉತ್ತರಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಅಹಮದಾಬಾದ್‌ನಲ್ಲೇ ಕಾಂಗ್ರೆಸ್ ಮಹಾಧಿವೇಶನ ನಡೆದಾಗ ಸ್ವಾಗತ ಸಮಿತಿಯ ಅಧ್ಯಕ್ಷರೂ ಅವರೇ ಆಗಿದ್ದರು. ಕುರ್ಚಿಗಳನ್ನು ಕೈಬಿಟ್ಟು ಪ್ರತಿನಿಧಿಗಳು ನೆಲದ ಮೇಲೆ ಕುಳಿತ ಅಧಿವೇಶನ ಅದು.

ಕೊನೆಗೆ 1922ರ ಫೆಬ್ರವರಿಯಲ್ಲಿ ಸರ್ಕಾರ ನಗರಸಭೆಯನ್ನು ಸೂಪರ್‌ಸೀಡ್ ಮಾಡಿ ನಾಮಕರಣಗೊಂಡ ಸಮಿತಿಯೊಂದಕ್ಕೆ ಆಡಳಿತ ಒಪ್ಪಿಸಿತು. ಶಾಲೆಗಳಿಗೆ ಮಾಡಿದ ವೆಚ್ಚ ಅಕ್ರಮವೆಂದು ಆರೋಪಿಸಿ ವಲ್ಲಭಭಾಯಿ ಮತ್ತು ಸಂಗಡಿಗರ ಮೇಲೆ ವಸೂಲಾತಿ ದಾವೆಯನ್ನೂ ಹೂಡಿತು. ದಾವೆ ನಿಲ್ಲಲಿಲ್ಲವಾದರೂ ನಗರ ತನ್ನ ಚುನಾಯಿತ ಮಂಡಳಿಯನ್ನು ಕಳೆದುಕೊಂಡಿತು. ಸಾರ್ವಜನಿಕರ ದೇಣಿಗೆಯಿಂದ ರಾಷ್ಟ್ರೀಯ ಶಾಲೆಗಳನ್ನು ತೆರೆದು ಮಕ್ಕಳಿಗೆ ಪಾಠ ಮುಂದುವರಿಸಲಾಯಿತು. ಆದರೆ ದೇಣಿಗೆಯ ಹಣದಿಂದ ಒಂದು ನಗರದ ಪ್ರಾಥಮಿಕ ಶಿಕ್ಷಣವನ್ನು ಬಹುಕಾಲ ನಡೆಸುವುದು ಸುಲಭವಾಗಿರಲಿಲ್ಲ. ಸ್ವಾಭಿಮಾನದ ನಿಲುವಿಗೆ ನಗರ ತೆತ್ತ ಬೆಲೆ ಇದು. ಹೋರಾಟಕ್ಕಾಗಿ ಸಂಸ್ಥೆಯನ್ನು ಪಣಕ್ಕಿಡುವುದೇ, ಸಂಸ್ಥೆಯನ್ನು ಉಳಿಸಿಕೊಂಡು ಕೆಲಸ ಮಾಡುವುದೇ ಎಂಬ ಪ್ರಶ್ನೆಗೆ ಆ ವರ್ಷ ಅವರು ಮೊದಲನೆಯದನ್ನು ಆಯ್ದುಕೊಂಡಿದ್ದರು.

ಎರಡು ವರ್ಷಗಳ ಬಳಿಕ ಆಯ್ಕೆ ಬದಲಾಯಿತು. ನಡುವಿನ ಅವಧಿಯಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೂ, ಬೋರ್ಸದ್ ತಾಲ್ಲೂಕಿನ ಜನರ ಮೇಲೆ ತಲಾ 2 ರೂಪಾಯಿ 7 ಆಣೆಯಂತೆ ಹೇರಿದ್ದ ದಂಡ ತೆರಿಗೆಯ ವಿರುದ್ಧದ ಚಳವಳಿಗೂ ಅವರು ನೇತೃತ್ವ ನೀಡಿದ್ದರು. 1924ರ ಆರಂಭದಲ್ಲಿ ಬೋರ್ಸದ್ ತೆರಿಗೆ ರದ್ದಾಯಿತು. ಅದೇ ಸುಮಾರಿಗೆ ನಗರಸಭೆಗೆ ಮತ್ತೆ ಚುನಾವಣೆ ನಡೆದು ಅವರ ಬಣ ಗೆದ್ದಿತು. ವಲ್ಲಭಭಾಯಿ ಅಧ್ಯಕ್ಷರಾದರು.

ಅಧ್ಯಕ್ಷ ಪೀಠದಲ್ಲಿ ನಾಲ್ಕು ವರ್ಷ

ಆ ಕಾಲಘಟ್ಟವೇ ವಿಶಿಷ್ಟವಾಗಿತ್ತು. ಕಲ್ಕತ್ತಾದಲ್ಲಿ ಚಿತ್ತರಂಜನ್ ದಾಸ್ ಪ್ರಥಮ ಮೇಯರ್ ಆದದ್ದು 1924ರಲ್ಲಿ. ಅಲಹಾಬಾದ್‌ನಲ್ಲಿ ಜವಾಹರಲಾಲ್ ನೆಹರೂ, ಪಾಟ್ನಾದಲ್ಲಿ ರಾಜೇಂದ್ರ ಪ್ರಸಾದ್ ನಗರಸಭೆಗಳ ಅಧ್ಯಕ್ಷರಾಗಿದ್ದರು. ಮುಂಬಯಿ ಪಾಲಿಕೆಯ ಅಧ್ಯಕ್ಷ ಸ್ಥಾನದಲ್ಲಿ ಅಣ್ಣ ವಿಠ್ಠಲಭಾಯಿ ಇದ್ದರು. ಸೇಲಂ ನಗರಸಭೆಯಲ್ಲಿ ರಾಜಾಜಿ ಅದಕ್ಕೂ ಮೊದಲೇ ಈ ಹೊಣೆ ಹೊತ್ತಿದ್ದರು. ಸ್ವತಂತ್ರ ಭಾರತವನ್ನು ಕಟ್ಟಿದ ಪ್ರಮುಖರಲ್ಲಿ ಹಲವರು ಊರಿನ ಚರಂಡಿಯ ಲೆಕ್ಕ ನೋಡಿ ಬಂದವರೇ. ಆದರೆ ನೆಹರೂ ಅವರಂತಹ ಕೆಲವರು ಈ ಕೆಲಸದಿಂದ ಬೇಗನೆ ಬೇಸತ್ತು ಹೊರಬಂದರೆ, ವಲ್ಲಭಭಾಯಿ ಅದರಲ್ಲಿ ಆಳವಾಗಿ ಮುಳುಗಿದರು.

ಅಧಿಕಾರ ವಹಿಸಿಕೊಂಡಾಗ ನಗರದ ದೊಡ್ಡ ಕೊರತೆ ನೀರು. ಬೇಸಿಗೆಯಲ್ಲಿ ಸಾಬರಮತಿ ಬತ್ತಿದರೆ ನಲ್ಲಿಗಳೂ ಬತ್ತುತ್ತಿದ್ದವು. ನೀರು ಪೂರೈಕೆ ವ್ಯವಸ್ಥೆಯ ವಿಸ್ತರಣೆ ಹಾಗೂ ಒಳಚರಂಡಿ ಜಾಲವನ್ನು ಹೊಸ ಬಡಾವಣೆಗಳಿಗೆ ಒಯ್ಯುವುದು ಅವರ ಆದ್ಯತೆಗಳಾದವು. ಇವೆರಡೂ ಮಣ್ಣಿನಡಿಯ ಕಾಮಗಾರಿಗಳು. ಉದ್ಘಾಟನೆಯ ಆಡಂಬರಕ್ಕೆ ಒಗ್ಗುವಂಥವಲ್ಲ, ಖರ್ಚು ಮಾತ್ರ ಅಪಾರ. ಅದಕ್ಕಾಗಿ ತೆರಿಗೆ ವಸೂಲಾತಿ ಬಿಗಿಯಾಗಬೇಕಿತ್ತು. ಸಾಲ ಎತ್ತಬೇಕಿತ್ತು. ಎರಡಕ್ಕೂ ಅಧ್ಯಕ್ಷರು ಹಿಂಜರಿಯಲಿಲ್ಲ.

ಕೋಟೆಯೊಳಗಿನ ದಟ್ಟಣೆಗೆ ಪರಿಹಾರವಾಗಿ ಊರನ್ನು ಹೊರಕ್ಕೆ ಬೆಳೆಸುವ ಕೆಲಸವೂ ಚುರುಕಾಯಿತು. 1915ರ ಮುಂಬಯಿ ನಗರ ಯೋಜನಾ ಕಾಯ್ದೆಯ ಅಡಿಯಲ್ಲಿ ನದಿಯಾಚೆಯ ಎಲಿಸ್‌ಬ್ರಿಜ್ ಪ್ರದೇಶದಲ್ಲಿ ಯೋಜಿತ ಬಡಾವಣೆ ರೂಪುಗೊಳ್ಳತೊಡಗಿತು. ಈ ಕಾಯ್ದೆಯ ವಿಧಾನ ಸರಳವಾಗಿತ್ತು. ಅಂಕುಡೊಂಕಾದ ಹೊಲಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆ ಹಾಗೂ ಸಾರ್ವಜನಿಕ ಬಳಕೆಗೆ ಜಾಗ ತೆಗೆದಿಟ್ಟು, ಉಳಿದದ್ದನ್ನು ಚೊಕ್ಕ ನಿವೇಶನಗಳಾಗಿ ಮೂಲ ಮಾಲೀಕರಿಗೇ ಹಂಚುವುದು. ಬೆಲೆ ಏರಿದ್ದರಿಂದ ಮಾಲೀಕನಿಗೆ ದೊರೆತ ಲಾಭದಲ್ಲಿ ಒಂದು ಪಾಲನ್ನು ರಸ್ತೆ, ಚರಂಡಿಗಳ ವೆಚ್ಚಕ್ಕೆ ಪಡೆಯುವುದು. ಗುಜರಾತಿನ ನಗರಗಳು ಈ ಪದ್ಧತಿಯನ್ನು ಮುಂದೆಯೂ ಉಳಿಸಿಕೊಂಡು ಬಂದವು.

ಹಳೆಯ ಕೋಟೆ ಗೋಡೆಯನ್ನು ಕೆಡವಿ ಆ ಜಾಗವನ್ನು ರಸ್ತೆಗೆ ಬಳಸುವ ಯೋಜನೆಗೂ ಆ ದಶಕದಲ್ಲೇ ಚಾಲನೆ ದೊರೆಯಿತು. ಪರಂಪರೆಯ ದೃಷ್ಟಿಯಿಂದ ಇದನ್ನು ನಷ್ಟವೆನ್ನುವವರಿದ್ದಾರೆ. ಸುಲ್ತಾನರ ಕಾಲದ ಹೆಬ್ಬಾಗಿಲುಗಳು ಉಳಿದವು, ಅವುಗಳನ್ನು ಜೋಡಿಸಿದ್ದ ಗೋಡೆಯ ಬಹುಭಾಗ ಹೋಯಿತು. ಆ ಹಳೆಯ ನಗರಕ್ಕೆ 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ದೊರೆತಾಗ ಈ ಮಾತು ಇನ್ನಷ್ಟು ಅರ್ಥಪೂರ್ಣವೆನಿಸಿತು. ಆದರೆ ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಪ್ಲೇಗು ಹರಡಿದ್ದನ್ನು ಕಣ್ಣಾರೆ ಕಂಡವರಿಗೆ ಗೋಡೆಗಿಂತ ಜೀವ ಮುಖ್ಯವೆನಿಸಿದ್ದರೆ ಅಚ್ಚರಿಯಿಲ್ಲ.

ಇನ್ನೊಂದು ಮಿತಿಯನ್ನೂ ಗಮನಿಸಬೇಕು. ಅಂದಿನ ನಗರಸಭೆಯಲ್ಲಿ ಎಲ್ಲ ವಯಸ್ಕರಿಗೂ ಮತದಾನದ ಹಕ್ಕಿರಲಿಲ್ಲ. ನಿಗದಿತ ಆಸ್ತಿ ಅಥವಾ ತೆರಿಗೆಯ ಅರ್ಹತೆಯುಳ್ಳವರಷ್ಟೇ ಮತದಾರರು. ಗಿರಣಿ ಚಾಳಿನಲ್ಲಿದ್ದ ಬಡ ಕಾರ್ಮಿಕರ ದನಿ ಆ ಸಭಾಂಗಣದಲ್ಲಿ ನೇರವಾಗಿ ಕೇಳಿಬರುವ ಅವಕಾಶ ಕಡಿಮೆಯಿತ್ತು. ವಲ್ಲಭಭಾಯಿಯವರ ಬಲವೂ ಮುಖ್ಯವಾಗಿ ವಕೀಲರು, ವರ್ತಕರು ಹಾಗೂ ಮಧ್ಯಮ ವರ್ಗದ ಬೆಂಬಲವನ್ನೇ ಅವಲಂಬಿಸಿತ್ತು.

1927ರ ಮಹಾಮಳೆ

1927ರ ಜುಲೈ ಕೊನೆಯ ವಾರದಲ್ಲಿ ಗುಜರಾತಿನಾದ್ಯಂತ ಹಿಂದೆಂದೂ ಕಾಣದ ಮಳೆ ಸುರಿಯಿತು. ಅಹಮದಾಬಾದ್‌ನಲ್ಲಿ ಸಾವಿರಾರು ಮನೆಗಳು ಕುಸಿದವು. ಮಳೆ ಬಿಡದೆ ಸುರಿಯುತ್ತಿದ್ದ ರಾತ್ರಿ ಅಧ್ಯಕ್ಷರು ಮನೆಯಿಂದ ಹೊರಬಿದ್ದು ನೀರು ಎಲ್ಲೆಲ್ಲಿ ನಿಂತಿದೆ ಎಂದು ನೋಡುತ್ತ ನಡೆದರು. ನಗರಸಭೆಯ ಎಂಜಿನಿಯರರನ್ನು ಎಬ್ಬಿಸಿ ಕರೆದೊಯ್ದು, ನೀರಿಗೆ ಅಡ್ಡಲಾಗಿದ್ದುದನ್ನು ಒಡೆಸಿ ಹರಿಯಲು ದಾರಿ ಮಾಡಿಸಿದರು. ವರ್ಷಗಟ್ಟಲೆ ನಡೆದು ನೋಡಿದ ಊರಾದ್ದರಿಂದ ಯಾವ ಓಣಿಯ ನೀರು ಎತ್ತ ಹರಿಯಬೇಕೆಂಬುದನ್ನು ತಿಳಿಯಲು ಅವರಿಗೆ ನಕ್ಷೆ ಬೇಕಿರಲಿಲ್ಲ.

ನಗರದಾಚೆ ಪ್ರಾಂತ ಕಾಂಗ್ರೆಸ್ ಸಮಿತಿಯ ಸ್ವಯಂಸೇವಕರು ಪರಿಹಾರ ಕಾರ್ಯ ಕೈಗೊಂಡರು. ಆಹಾರ, ಬಿತ್ತನೆ ಬೀಜ, ಮನೆ ಕಟ್ಟಲು ನೆರವು ಇವೆಲ್ಲ ಸರ್ಕಾರಿ ಯಂತ್ರಕ್ಕಿಂತ ಮೊದಲೇ ಹಲವು ಹಳ್ಳಿಗಳನ್ನು ತಲುಪಿದವು. ಅದೇ ಸಮಯದಲ್ಲಿ ಸರ್ಕಾರದೊಡನೆ ಮಾತುಕತೆ ನಡೆಸಿ ಸುಮಾರು 1 ಕೋಟಿ ರೂಪಾಯಿಯ ನೆರವು ದೊರೆಯುವಂತೆಯೂ ವಲ್ಲಭಭಾಯಿ ನೋಡಿಕೊಂಡರು. ಆರು ವರ್ಷಗಳ ಹಿಂದೆ ಅನುದಾನವನ್ನು ತಿರಸ್ಕರಿಸಿದ್ದ ನಾಯಕರೇ ಈಗ ಸರ್ಕಾರದ ಹಣಕ್ಕೆ ಒತ್ತಾಯಿಸಿದ್ದು ನಿಲುವಿನ ಸಡಿಲಿಕೆಯಲ್ಲ. ಮನೆ ಕಳೆದುಕೊಂಡವರಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬ ವ್ಯವಹಾರಜ್ಞಾನ.

ಬಾರ್ಡೋಲಿಯತ್ತ

ಮರುವರ್ಷ ಸೂರತ್ ಜಿಲ್ಲೆಯ ಬಾರ್ಡೋಲಿಯ ರೈತರು ಸುಮಾರು ಶೇ 22ರಷ್ಟು ಭೂಕಂದಾಯ ಏರಿಕೆಯ ವಿರುದ್ಧ ಅವರ ನೇತೃತ್ವ ಬಯಸಿದರು. 1928ರ ಫೆಬ್ರವರಿಯಲ್ಲಿ ಸತ್ಯಾಗ್ರಹ ಆರಂಭವಾಯಿತು. ಅದೇ ಹೊತ್ತಿನಲ್ಲಿ ನಗರಸಭೆಯೊಳಗೂ ಭಿನ್ನಾಭಿಪ್ರಾಯಗಳು ತಲೆದೋರಿದ್ದವು. ಏಪ್ರಿಲ್‌ನಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ನೀಡಿದರು. ಮತ್ತೆ ಆ ಪೀಠಕ್ಕೆ ಮರಳಲಿಲ್ಲ.

ಬಾರ್ಡೋಲಿಯಲ್ಲಿ ಅವರು ರೂಪಿಸಿದ ಸಂಘಟನೆಯನ್ನು ನೋಡಿದರೆ ನಗರಸಭೆಯ ಅನುಭವ ವ್ಯರ್ಥವಾಗಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ತಾಲ್ಲೂಕನ್ನು ಶಿಬಿರಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಹೊಣೆಗಾರರನ್ನು ನೇಮಿಸಿ, ನಿತ್ಯ ವರದಿ ತರಿಸಿಕೊಂಡು, ದಿನವೂ ಪತ್ರಿಕೆ ಹೊರಡಿಸಿ ನಡೆಸಿದ ಹೋರಾಟ ಅದು. ಆಗಸ್ಟ್‌ನಲ್ಲಿ ಸರ್ಕಾರ ಮಣಿಯಿತು. ವಿಚಾರಣಾ ಸಮಿತಿ ಏರಿಕೆಯನ್ನು ಸುಮಾರು ಶೇ 6ಕ್ಕೆ ಇಳಿಸಿತು. ವಲ್ಲಭಭಾಯಿ ಸರ್ದಾರ್ ಎಂದು ಕರೆಸಿಕೊಂಡದ್ದು ಇಲ್ಲಿಂದಲೇ.

ಅಹಮದಾಬಾದ್‌ನಲ್ಲಿ ಅವರು ಬೆಳೆಸಿದ ತಂಡ ಮುಂದುವರಿಯಿತು. ನಗರಸಭೆಯಲ್ಲಿ ಅವರ ಸಹೋದ್ಯೋಗಿಯಾಗಿದ್ದ ಗಣೇಶ ವಾಸುದೇವ ಮಾವಳಂಕರ್ 1930ರ ದಶಕದಲ್ಲಿ ಅದೇ ಅಧ್ಯಕ್ಷ ಪೀಠವನ್ನು ಅಲಂಕರಿಸಿದರು. ಸ್ವತಂತ್ರ ಭಾರತದ ಲೋಕಸಭೆಯ ಪ್ರಥಮ ಸ್ಪೀಕರ್ ಆದವರೂ ಅವರೇ.

1947ರ ಬಳಿಕ ಉಪಪ್ರಧಾನಿ ಹಾಗೂ ಗೃಹ ಸಚಿವರಾಗಿ ಪಟೇಲರು ನಡೆದುಕೊಂಡ ರೀತಿಯಲ್ಲಿ ಹಳೆಯ ನಗರಸಭಾ ಸದಸ್ಯನ ಗುರುತುಗಳು ಕಾಣುತ್ತವೆ. ಕಡತವನ್ನು ಪೂರ್ತಿ ಓದುವುದು, ಎದುರಾಳಿಯ ಕಾನೂನಿನ ನೆಲೆಯನ್ನು ಅರಿಯುವುದು, ಅನಂತರವೇ ಹೆಜ್ಜೆ ಇಡುವುದು. ಐಸಿಎಸ್ ಆಯುಕ್ತರೊಬ್ಬರನ್ನು ಎದುರಿಸುತ್ತ ಸಾರ್ವಜನಿಕ ಜೀವನ ಆರಂಭಿಸಿದವರೇ, ಸ್ವತಂತ್ರ ಭಾರತದಲ್ಲಿ ಅಖಿಲ ಭಾರತ ನಾಗರಿಕ ಸೇವೆಗಳು ಉಳಿಯಬೇಕೆಂದು ಬಲವಾಗಿ ವಾದಿಸಿದರು. ಅವರ ಆಕ್ಷೇಪಣೆ ಇದ್ದದ್ದು ಅಧಿಕಾರಿಗಳ ಬಗೆಗಲ್ಲ, ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕಿಲ್ಲದ ಅಧಿಕಾರದ ಬಗೆಗೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಡನೆ ಸೇರಿ ಬೀದರ್, ಕಲಬುರಗಿ, ರಾಯಚೂರು ಪ್ರದೇಶದ ಕನ್ನಡಿಗರು ನಿಜಾಮನ ಆಡಳಿತದಿಂದ ಬಿಡುಗಡೆ ಪಡೆದದ್ದೂ ಅವರು ಗೃಹ ಸಚಿವರಾಗಿದ್ದಾಗಲೇ.

1950ರ ಡಿಸೆಂಬರ್ 15ರಂದು ಮುಂಬಯಿಯಲ್ಲಿ ಪಟೇಲರು ನಿಧನರಾದರು. ಅಹಮದಾಬಾದ್ ಪಾಲಿಕೆಯಾಗಿ ಬಡ್ತಿ ಪಡೆದದ್ದು ಅದೇ ವರ್ಷ. ನಗರಾಡಳಿತವನ್ನು ದೊಡ್ಡ ರಾಜಕಾರಣಕ್ಕೆ ಏರುವ ಮೆಟ್ಟಿಲೆಂದು ಭಾವಿಸುವವರು ಅಂದೂ ಇದ್ದರು. ಪಟೇಲರು ಹನ್ನೊಂದು ವರ್ಷಗಳ ಕಾಲ ಅದನ್ನು ಕೆಲಸವೆಂದೇ ಭಾವಿಸಿದರು, ಅದಕ್ಕಾಗಿ ಪ್ಲೇಗಿನ ಓಣಿಗಳಲ್ಲಿ ನಡೆದರು, ಒಮ್ಮೆ ಅಧಿಕಾರವನ್ನೂ ಕಳೆದುಕೊಂಡರು. ಮುಂದೆ ದೇಶಕ್ಕೆ ದೊರೆತ ಆಡಳಿತಗಾರ ಸಿದ್ಧಗೊಂಡದ್ದು ಆ ಓಣಿಗಳಲ್ಲಿಯೇ.